ಅಮಾವಾಸ್ಯೆಯಂದು ಕೇಳಿದ ಗೊರಕೆ

ರಬಕವಿ
೧೨ ಫೆಬ್ರುವರಿ ೨೦೨೫

ಪ್ರೀತಿಯ ಪ್ರಭು ಅಣ್ಣನಿಗೆ ತಂಗಿ ಮಧುಮತಿಯ ನಮಸ್ಕಾರ.

ನಾವು ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ನಿನ್ನ ಫೋನಿಗೆ ಉತ್ತರ ಕೊಡಲು ಮೂರು ವಾರ ತಡವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ನಿಮ್ಮ ಬನಹಟ್ಟಿ ಎಷ್ಟು ದೂರ, ಬಂದೇ ಹೇಳಬಹುದಿತ್ತು. ಆದರೆ ಎದುರಿಗೆ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ. ಅದಕ್ಕೇ ಈ ಕಾಗದ. ಮಂಗಲಾ ವೈನಿಗೂ ಓದಿ ಹೇಳು.

ನಿನ್ನ ಪಾವರ್‌ಲೂಮ್‌ಗಳಲ್ಲಿ ಹದಿನಾಲ್ಕು ವರ್ಷ ದುಡಿದವರು ನನ್ನ ಗಂಡ. ದೀಪಾವಳಿಗೆ ಮುಂಚೆ ಒಂದು ದಿನ ಮಗ್ಗದ ಮುಂದೆ ನಿಂತಲ್ಲೇ ತೂಕಡಿಸಿದರು, ಎಳೆ ಹರಿದದ್ದು ಕಾಣಲಿಲ್ಲ, ಸೀರೆ ಕೆಟ್ಟಿತು. ಒಪ್ಪುತ್ತೇನೆ. ನೀನು ಮಾಡಿದ್ದೇನು? ತಂಗಿಯ ಗಂಡನಿಗೆ 'ರೀ' ಹಚ್ಚುತ್ತಿದ್ದ ಬಾಯಿ ಅಷ್ಟೂ ನೇಕಾರರ ಮುಂದೆ ಏಕವಚನಕ್ಕಿಳಿಯಿತು: "ಏ ಸೋಮಲಿಂಗಾ, ಬಾಯಿ ತಗಿ. ಗುರಪ್ಪಾ, ಮೂಸಿ ನೋಡೋ, ಹಗಲಿಗೇ ಕುಡದ ಬಂದಾನ." ಪಕ್ಕದ ಮಗ್ಗದ ಗುರಪ್ಪ ಪಾಪ, "ಏನೂ ವಾಸನಿ ಇಲ್ರೀ ಸಾವಕಾರ್ರ" ಎಂದ. "ಹಂಗಾದ್ರ ನಿಶಾದ ಗುಳಗಿ ನುಂಗ್ಯಾನ" ಎಂದು ಅವರನ್ನು ಮನೆಗೆ ಅಟ್ಟಿದೆ. ಎಲೆ ಅಡಿಕೆಯನ್ನೂ ಹಾಕದ ಮನುಷ್ಯ, ಅಣ್ಣ, ಅವರು!

ನಮ್ಮ ಓಣಿಯಲ್ಲಿ ರಾತ್ರಿಯೂ ಮಗ್ಗ ನಿಲ್ಲುವುದಿಲ್ಲ. ಆ ಖಟಖಟದಲ್ಲಿ ಯಾರ ಗೊರಕೆ ಯಾರಿಗೆ ಕೇಳಬೇಕು? ಕೇಳಿದಷ್ಟಕ್ಕೂ 'ದಣಿದಾರ, ಛಲೋ ನಿದ್ದಿ ಹತ್ತೇತಿ' ಎಂದುಕೊಂಡಿದ್ದೆ. ಕಾರ್ತಿಕದ ಅಮಾವಾಸ್ಯೆಗೆ ಎಂದಿನಂತೆ ಎಲ್ಲ ಮಗ್ಗ ನಿಂತಿದ್ದವು. ಮಧ್ಯಾಹ್ನ ಹೋಳಿಗೆ ಉಂಡು ಮಲಗಿದರು. ಗೊರಕೆ ಏರಿತು, ಥಟ್ಟನೆ ನಿಂತಿತು. ಗೊರಕೆಯಲ್ಲ, ಉಸಿರೇ ನಿಂತಿತು. ಎದೆ ಎಳೆಯುತ್ತಿದೆ, ಗಾಳಿ ಹೋಗುತ್ತಿಲ್ಲ. ಇಪ್ಪತ್ತರವರೆಗೆ ಎಣಿಸಿದೆ. ಹೊಳೆಯಲ್ಲಿ ಮುಳುಗಿ ಎದ್ದವರ ಹಾಗೆ ಉಸಿರೆಳೆದರು. ಮತ್ತೆ ಅದೇ. ಅಲುಗಿಸಿ ಎಬ್ಬಿಸಿದೆ.

ವಿಜಯಪುರದ ಡಾಕ್ಟರು ಮೈಗೆ ವಾಯರು ಹಚ್ಚಿ ನಿದ್ದೆಯನ್ನೇ ಪರೀಕ್ಷೆ ಮಾಡಿದರು. ತಾಸಿಗೆ ನಲವತ್ತು ಸಲ ಉಸಿರು ಕಟ್ಟುತ್ತಿತ್ತಂತೆ. ಸ್ಲೀಪ್ ಅಪ್ನಿಯಾ ಎಂದರು. ಬೆಳಗಿನ ತಲೆನೋವು, ಇಳಿಯದ ಬಿಪಿ, ಹಗಲ ತೂಕಡಿಕೆ, ಸುಮ್ಮಸುಮ್ಮನೆ ಸಿಡುಕುವುದು, ಎಲ್ಲ ಇದರೊಡನೆ ಬರುವಂಥವೇ ಅಂತೆ. ಮೂಗಿಗೆ ಮಾಸ್ಕು ಹಾಕಿ ಗಾಳಿ ಊದುವ ಮಶೀನು ಕೊಟ್ಟು ಹೇಳಿದರು: "ಇದು ಬ್ಯಾನಿ ಕಿತ್ತ ಹಾಕೂದಿಲ್ರೀ ಅಕ್ಕಾರ. ದಿನಾ ಹಾಕ್ಕೊಂಡ್ರ ಉಸರ ಕಟ್ಟೂದು ತಡೀತೈತಿ, ಬಿಟ್ರ ತಿರಗಿ ಬರತೈತಿ. ತೂಕಾ ಇಳಸ್ರಿ, ಸಹಾಯ ಆಗತೈತಿ, ಆದ್ರ ಪೂರಾ ಹೋಗತೈತಿ ಅಂತ ಖಾತ್ರಿ ಹೇಳೂದಿಲ್ಲ. ನಾ ಹೇಳೂತನಕಾ ಮಗ್ಗಕ್ಕ ನಿಂದರಬ್ಯಾಡ್ರಿ."

ಮಶೀನು ಬಂದ ಎಂಟೇ ದಿನಕ್ಕೆ ನಿನ್ನ ಫೋನು: "ಇನ್ನೂ ತೂಕಡಸ್ತಾನಂತ! ಅಷ್ಟ ದೊಡ್ಡ ಮಶೀನ್ ತಂದು ಏನ್ ಉಪಯೋಗ ಆತು?" ಅಲ್ಲೋ ಅಣ್ಣ, ಹೊಸ ಮಗ್ಗ ಕೂರಿಸಿದ ದಿನವೇ ಅದು ಚೊಕ್ಕ ಸೀರೆ ಕೊಡುತ್ತದೆಯೇ? ಅಲ್ಲಿ ತಿಂಗಳುಗಟ್ಟಲೆ ತಾಳುತ್ತೀ, ಮನುಷ್ಯನಿಗೆ ಎಂಟು ದಿನ! ಮೊದಲು ಮಾಸ್ಕಿನ ಸಂದಿಯಿಂದ ಗಾಳಿ ಸೋರಿತು, ಮೂಗು ಒಣಗಿತು, ಎರಡು ಸಲ ಕಿತ್ತೆಸೆದರು. ಬೇರೆ ಅಳತೆಯದು ತಂದೆವು. ಈಗ ಐದು ತಾಸು ಹಾಕಿಕೊಳ್ಳುತ್ತಾರೆ. ತಲೆನೋವು ಹೋಗಿದೆ, ತೂಕಡಿಕೆ ಕಡಿಮೆಯಾಗಿದೆ, ಬಿಪಿ ಗುಳಿಗೆ ಇನ್ನೂ ಇದೆ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಬರುವ ಅಮಾವಾಸ್ಯೆಗೆ ನಿನ್ನಲ್ಲಿ ಮಗ್ಗದ ಪೂಜೆಗೆ ಎಲ್ಲರೂ ಸೇರುತ್ತಾರಲ್ಲ, ಅದೇ ಜನರ ಮುಂದೆ, ಅದೇ ಗುರಪ್ಪನ ಮುಂದೆ ಹೇಳಬೇಕು, ಅವರು ಕುಡಿದಿರಲಿಲ್ಲ ಎಂದು. ಆಗ ಅವರು ತಿರುಗಿ ಕೆಲಸಕ್ಕೆ ಬರುತ್ತಾರೆ. ಡಾಕ್ಟರು ಹೂಂ ಅನ್ನುವವರೆಗೆ ಸೀರೆ ಮಡಿಚುವ ಕೆಲಸ ಕೊಡು. ಹೇಳದಿದ್ದರೆ ನಾಗರ ಪಂಚಮಿಗೆ ನನ್ನನ್ನು ಕರೆಯಲು ಬರಬೇಡ.

ನೀನು, ವೈನಿ, ಮಕ್ಕಳು ನೂರು ಕಾಲ ಚೆನ್ನಾಗಿರಿ. ಸಿಟ್ಟಿದ್ದರೂ ಈ ಮಾತು ಖರೆ.

ನಿನ್ನ ತಂಗಿ
ಮಧುಮತಿ

ತಾ.ಕ.: ಇದನ್ನು ಬರೆಯದಿದ್ದರೆ ನಾನೂ ಸುಳ್ಳುಗಾತಿಯಾಗುತ್ತೇನೆ. ನೀನು ಮನೆಗೆ ಅಟ್ಟಿದ ದಿನ ಅವರು ಮಲಗಿದ ಮೇಲೆ ನಾನೂ ಬಗ್ಗಿ ಅವರ ಬಾಯಿ ಮೂಸಿದೆ. ನಿದ್ದೆ ಹತ್ತಿದೆ ಎಂದುಕೊಂಡಿದ್ದೆ. ಎಚ್ಚರವಿದ್ದರು. ಕಣ್ಣು ತೆರೆಯಲಿಲ್ಲ. ನನಗೆ ಸರಿಯಾಗಿ ವಾಸನೆ ಸಿಗಲೆಂದು ಬಾಯಿಯನ್ನು ಇನ್ನಷ್ಟು ತೆರೆದರು.