ಒಂದು ಹಿಡಿ ನವಣೆ

ಮೋಲ್ನ್‌ಡಾಲ್, ಸ್ವೀಡನ್
14 ಅಕ್ಟೋಬರ್ 2006

ಪ್ರೀತಿಯ ಕಾಂಚನಾ,

ಸೊಳ್ಳೆ ಕಚ್ಚಿ ಊದಿದ್ದ ಕಾಲು ಇಳಿಯಿತೇ? ಮಳೆಯಲ್ಲಿ ಗೂಡು ನೋಡಲು ಹೋಗಬೇಡ ಎಂದರೆ ನೀನು ಕೇಳುವವಳಲ್ಲ, ಕಷಾಯವನ್ನಾದರೂ ಕುಡಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಹನಾ ದಾಗಿಸ್ ಶಿಶುವಿಹಾರದಿಂದ ಒಂದು ಶೀತ ತಂದು ನನಗೂ ಹಂಚಿದ್ದಾಳೆ, ಅಷ್ಟೇ.

ಮಾರಿಷಸ್ಸಿನಿಂದ ನಿನ್ನ ಕಾಗದ ಸೋಮವಾರ ಬಂತು. ರಜೆಗೆ ಅಲ್ಲಿಗೆ ಬಂದ ಗೆಳೆಯ ರಾಮಮೂರ್ತಿ ತಲುಪಿಸಿದ ನನ್ನ ಪೊಟ್ಟಣದಲ್ಲಿ ಚಟ್ನಿಪುಡಿಯ ಜೊತೆ ಒಂದು ಹಿಡಿ ನವಣೆ ಇತ್ತೆಂದೂ, ನಿಮ್ಮ ಹಕ್ಕಿ ಶಿಬಿರದವರು ಎಲ್ಲವನ್ನೂ ಸುಟ್ಟರೆಂದೂ, ನೀನು ಮೇಲಧಿಕಾರಿಗೆ ಲಿಖಿತ ಉತ್ತರ ಕೊಡಬೇಕಾಯಿತೆಂದೂ ಓದಿ ನಾಚಿಕೆಯಾಯಿತು. ಅದು ನಮ್ಮ ಬಾಲ್ಕನಿಯ ತಟ್ಟೆಯದು, ಊರ ಪಾರಿವಾಳಗಳೆಲ್ಲ ಕೊಕ್ಕು ಹಾಕಿದ ಕಾಳು. ಊಟಕ್ಕೆ ಮೊದಲು ಹಕ್ಕಿಗೊಂದು ಹಿಡಿ ಇಡಬೇಕು ಎಂದು ಮಗಳಿಗೆ ಕಲಿಸಿದವಳು ನೀನೇ. ಅಮ್ಮನ ಗುಲಾಬಿ ಪಾರಿವಾಳಕ್ಕೂ ಇರಲಿ ಎಂದು ಅವಳು ತಟ್ಟೆಯಿಂದ ಬಾಚಿಕೊಂಡು ಬಂದಿದ್ದಳು. ಈಗ ದಿನಾ ಬೆಳಿಗ್ಗೆ "ಪಪ್ಪಾ, ಅಮ್ಮನ ದೂವೊರ್ ತಿಂದ್ವಾ?" ಎಂದು ಕೇಳುತ್ತಾಳೆ. ಪಾರಿವಾಳ ಅವಳ ಬಾಯಲ್ಲಿ ಇನ್ನೂ ಸ್ವೀಡಿಷ್‌ನಲ್ಲೇ ಬರುತ್ತದೆ. ಸುಟ್ಟರು ಎಂದು ಅವಳಿಗೆ ಇನ್ನೂ ಹೇಳಿಲ್ಲ.

ಆ ಒಂದೇ ದ್ವೀಪದಲ್ಲಿ, ಅಲ್ಲಿಯೂ ಅಳಿದುಳಿದ ಕಾಡಿನಲ್ಲಿ ಮಾತ್ರ ಇರುವ ಹಕ್ಕಿ. ಬೇರೆ ಪಾರಿವಾಳಗಳ ಗಂಟಲುರೋಗ ತಗುಲಿದರೆ ಮರಿಗಳು ಉಳಿಯುವುದಿಲ್ಲ ಎಂದು ನೀನು ಹೊರಡುವ ಮುನ್ನ ಇದೇ ಅಡುಗೆಮನೆಯಲ್ಲಿ ನಿಂತು ಹೇಳಿದ್ದೆ. ನಾನಾದರೋ ದಿನವಿಡೀ ಔಷಧಿ ಲ್ಯಾಬಿನಲ್ಲಿ ಕೈ ತೊಳೆದು ಗ್ಲೌಸ್ ಹಾಕುವವನು. ಪೊಟ್ಟಣ ಕಟ್ಟುವಾಗ ಗಮನ ತಪ್ಪಿತು. ಬೇಕಾದರೆ ನಿಮ್ಮ ಮೇಲಧಿಕಾರಿಗೆ ನಾನೇ ಹಾಗೆಂದು ಬರೆಯುತ್ತೇನೆ. ಹದಿನೆಂಟನೆಯ ಗೂಡಿನ ಮರಿ ರೆಕ್ಕೆ ಬಡಿಯುತ್ತಿದೆ ಎಂದು ಬರೆದಿದ್ದೀಯಲ್ಲ, ಅದನ್ನು ಲ್ಯಾಬಿನಲ್ಲಿ ಫಿಕಾ ಕಾಫಿಯ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದೆ, ನನ್ನದೇ ಮರಿ ಎಂಬಂತೆ. ಇನ್ನೂ ಆರು ತಿಂಗಳು ಇರಲೇ ಎಂದು ಕೇಳಿದ್ದೀಯ. ಯೋಚಿಸಿ ಹೇಳುತ್ತೇನೆ.

ಮೈ ಕಡೆ ನೋಡಿಕೋ. ಈ ಹಾಳೆಯ ಮೂಲೆಯಲ್ಲಿ ಅಂಟಾಗಿರುವುದು ಅಹನಾ ಕೊಟ್ಟ ಮುತ್ತು.

ನಿನ್ನ
ಮಹಾಬಲೇಶ್ವರ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದ್ದೇನೆ. ಗಮನ ತಪ್ಪಿರಲಿಲ್ಲ, ಕಾಂಚನಾ. ಅಹನಾ ಪೊಟ್ಟಣಕ್ಕೆ ಕಾಳು ಸುರಿದದ್ದನ್ನು ನೋಡಿದ್ದೆ. ನಿನ್ನ ಮಾತೂ ನೆನಪಾಯಿತು. ಆ ಹಕ್ಕಿಗಳೇ ಇಲ್ಲವಾದರೆ ನೀನು ಮನೆಗೆ ಬರುತ್ತೀಯಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆ ಕ್ಷಣದಲ್ಲೇ ಗಂಟು ಹಾಕಿಬಿಟ್ಟೆ. ನೀವು ಸುಟ್ಟದ್ದು ಒಳ್ಳೆಯದಾಯಿತು. ಆರು ತಿಂಗಳು ಇದ್ದೇ ಬಾ. ಬಂದ ಮೇಲೆ ಎಷ್ಟು ಬೇಕಾದರೂ ಬೈಯಿ. ಕಾಳು ಸುಟ್ಟದ್ದನ್ನು ಅಹನಾಳಿಗೆ ಇವತ್ತೇ ಹೇಳುತ್ತೇನೆ. ಉಳಿದದ್ದನ್ನು ಅವಳು ದೊಡ್ಡವಳಾದ ಮೇಲೆ ನೀನೇ ಹೇಳು.