ಒಲೆಗೆ ಕಾಸಿದ ಹಾಳೆ

ದಾಂಡೇಲಿ
೯ ಫೆಬ್ರವರಿ ೧೯೮೩

ಪ್ರೀತಿಯ ಅಪ್ಪಾ,

ಗೋವಾ ಮುಟ್ಟಿದೆಯಾ? ಬಂದರಿನಲ್ಲಿ ಮೂಟೆ ಹೊತ್ತು ಮೊಣಕಾಲು ನೋಯುತ್ತದೆ ಅಂದಿದ್ದೆ, ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ? ಕೇಳಬೇಕಾದದ್ದು ಕೇಳಿದೆ. ಇನ್ನು ನನ್ನ ಸಿಟ್ಟು ಕೇಳು.

ಭಾನುವಾರ ಬಸ್ ಹತ್ತುವಾಗ ನೀನು ನಗುತ್ತಾ ಹೇಳಿದೆ: “ನಿನ್ನ ಹಾಳಿ ಸಡ್ಲ ಆಗಿತ್ತು ಮಗಳ, ಒಲಿ ಮುಂದ ಹಿಡದು ಬಿಗಿ ಮಾಡೇನಿ.” ಬಸ್ ಹೋಯಿತು. ನಾನು ಹಾಸ್ಟೆಲ್ ತನಕ ಓಡಿದೆ. ನೀನು ಊಟಕ್ಕೆ ಕುಳಿತಿದ್ದ ಅಡುಗೆಮನೆಯಲ್ಲಿ ನಿನಗೆ ತೋರಿಸಲೆಂದು ತಂದು ಗೋಡೆಗೆ ಆನಿಸಿಟ್ಟಿದ್ದ ನನ್ನ ಸ್ಪೀಕರಿನ ಚೌಕಟ್ಟು ಹಾಗೇ ಇತ್ತು, ಆದರೆ ಫಿಲ್ಮ್ ಸುರುಟಿ, ವಾರಗಟ್ಟಲೆ ಕೂತು ಅಂಟಿಸಿದ್ದ ಫಾಯಿಲ್ ಪಟ್ಟಿಗಳೆಲ್ಲ ಎದ್ದಿದ್ದವು. ಅದು ಡಮಾಮಿ ಅಲ್ಲ ಅಪ್ಪಾ! ನಮ್ಮ ಸಾಂಬ್ರಾಣಿ ಊರಿನಲ್ಲಿ ಕುಣಿತಕ್ಕೆ ಮುಂಚೆ ಡಮಾಮಿ ಡೋಲಿನ ಚರ್ಮ ಬಿಗಿಯಾಗಲೆಂದು ಕಾಸುವ ಹಾಗೆ ಯಾರಾದರೂ ಪ್ಲಾಸ್ಟಿಕ್ ಕಾಸುತ್ತಾರೆಯೇ? ಒಂದು ಮಾತು ಕೇಳಬಾರದಿತ್ತೇ?

ಅದು ಏನೆಂದು ಈಗಲಾದರೂ ತಿಳಿದುಕೋ. ನಮ್ಮ ರೇಡಿಯೋದ ಸ್ಪೀಕರಿನಲ್ಲಿ ಕಾಗದದ ಬಟ್ಟಲು ಇದೆಯಲ್ಲ, ಅದನ್ನು ಬುಡದಲ್ಲಿ ಆಯಸ್ಕಾಂತದ ನಡುವೆ ಇರುವ ಒಂದು ತಂತಿಸುರುಳಿ ತಳ್ಳುತ್ತದೆ. ಆಮೇಲೆ ಬಂದವರು ಆ ಸುರುಳಿಯನ್ನೇ ಬಿಚ್ಚಿ ತೆಳು ಫಿಲ್ಮಿನ ಮೇಲೆ ಫಾಯಿಲ್ ಪಟ್ಟಿಗಳಾಗಿ ಉದ್ದಕ್ಕೆ ಹಾಸಿದರು. ಬಟ್ಟಲೇ ಬೇಡ, ಇಡೀ ಹಾಳೆಯೇ ಅಲುಗಿ ಹಾಡುತ್ತದೆ. ಮೊದಮೊದಲು ಆಯಸ್ಕಾಂತ ಒಂದೇ ಕಡೆ ಇತ್ತು, ಹಾಳೆ ದೂರ ಸರಿದಷ್ಟೂ ಹಿಡಿತ ಕಡಿಮೆ. ಈಗ ಎರಡೂ ಕಡೆ ಇಡುತ್ತಾರೆ. ನಾನು ಮಾಡಿದ್ದು ಅಂಥದ್ದು, ಫಸ್ಟ್ ಇಯರಿನಲ್ಲಿ ನಾನೊಬ್ಬಳೇ! ಫಿಲ್ಮನ್ನು ನಮ್ಮ ಲೆಕ್ಚರರ್ ಶಂಕ್ರಪ್ಪ ಸರ್ ಎಲ್ಲಿಂದಲೋ ತರಿಸಿಕೊಟ್ಟಿದ್ದರು, ಇದ್ದದ್ದೇ ಒಂದು ತುಂಡು. ಸೋಮವಾರ ಅದನ್ನು ಕ್ಲಾಸಿಗೆಲ್ಲ ಎತ್ತಿ ತೋರಿಸಿ, “ಏನವ್ವಾ ಕ್ರಿಸ್ತಿನಾ, ಸ್ಪೀಕರ್ ಮಾಡು ಅಂದ್ರ ಹಪ್ಪಳ ಸುಟ್ಟಿಯಲ್ಲ!” ಅಂದರು. ಎಲ್ಲರೂ ನಕ್ಕರು. ಎಕ್ಸಿಬಿಷನ್ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದರು. ನೀನು ಅಲ್ಲಿ ಬಿಗಿ ಮಾಡಿದೆನೆಂದು ಖುಷಿಯಲ್ಲಿರು!

ಮಿಂಗೇಲ್ ಕಾಕಾಗೆ ನನ್ನ ನಮಸ್ಕಾರ. ಮೊಣಕಾಲು ಜೋಪಾನ. ದೇವರು ನಿನ್ನನ್ನು ಕ್ಷಮಿಸಲಿ, ನನಗಂತೂ ಸದ್ಯಕ್ಕೆ ಆಗುವುದಿಲ್ಲ.

ಸಿಟ್ಟಿನಲ್ಲೇ ಇರುವ ನಿನ್ನ ಮಗಳು,
ಕ್ರಿಸ್ತಿನಾ

ತಾ.ಕ.: ಒಂದು ಮಾತು ಬರೆದಿಲ್ಲ. ಯಾರು ಸುಟ್ಟರೆಂದು ವಾರ್ಡನ್ ಕೇಳಿದಾಗ, ನನ್ನಪ್ಪ ಅನ್ನಲು ನಾಚಿಕೆಯಾಗಿ, “ಒಲಿ ತಾಯವ್ವಂದು” ಎಂದುಬಿಟ್ಟೆ. ಹಾಸ್ಟೆಲಿನ ಅಡುಗೆಯ ತಾಯವ್ವನನ್ನು ಅದಕ್ಕೇ ಕೆಲಸದಿಂದ ಬಿಡಿಸಿದ್ದಾರೆ. ಇವತ್ತು ಮುಂಜಾನೆ ಗಂಟು ಕಟ್ಟುತ್ತಾ, “ಅಳಬ್ಯಾಡ ತಂಗಿ, ನಾನ ನೋಡದ ಉರಿ ಹತ್ರ ಸರಿಸಿರಬೇಕು” ಎಂದು ನನಗೇ ಸಮಾಧಾನ ಹೇಳಿದಳು. ಇದನ್ನು ಅಂಚೆಡಬ್ಬಿಗೆ ಹಾಕಿ ನೇರ ವಾರ್ಡನ್ ರೂಮಿಗೆ ಹೋಗುತ್ತಿದ್ದೇನೆ. ನಿನ್ನ ಹೆಸರು ಹೇಳುತ್ತೇನೆ, ಆಮೇಲೆ ನನ್ನದು.