ಜ್ವರವಲ್ಲ, ಬರೀ ಉಷ್ಣ

ಚಿತ್ರದುರ್ಗ
ಎರಡನೆಯ ವೈಶಾಖದ ಮೂವತ್ತೈದನೆಯ ದಿನ, ೨೧೮೭

ಔಷಧ ಪ್ರಯೋಗಗಳಲ್ಲಿ ರೋಗಿಗಳ ಮಾತನ್ನು ಬರೆದುಕೊಳ್ಳುತ್ತಿರುವ ಹಿಂದಿನ ಕಾಲದವರಿಗೆ,

ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾದ ಮೇಲೆ ನಾವು ವೈಶಾಖವನ್ನು ಎರಡು ಮಾಡಿ, ಅದರ ದಿನಗಳನ್ನೂ ಹೆಚ್ಚಿಸಿಕೊಂಡೆವು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಸೋಂಕಿನಿಂದ ದೇಹವನ್ನು ಕಾಯುವ ಶಕ್ತಿಗೆ ನಾವು ಮೈಗಾವಲು ಎನ್ನುತ್ತೇವೆ. ಆ ಕಾವಲೇ ತಿರುಗಿಬಿದ್ದು ಸ್ವಂತ ಕೀಲುಗಳನ್ನು ಕೆಡವಿದರೆ ಆ ಕಾಯಿಲೆಗೆ ಮನೆಮುರುಕ ಎಂದು ಹೆಸರು. ಅದನ್ನು ಸುಮ್ಮನಾಗಿಸುವ ಹೊಸ ಔಷಧ ತಣಿಪು. ನಾನು ಅದರ ಪ್ರಯೋಗದ ಕೇಳುಗಿತ್ತಿ. ಎಂದರೆ, ಪ್ರತಿ ಬೆಳಿಗ್ಗೆ ಬೀದಿಯ ಬಿಳಿ ಚಪ್ಪರಗಳ ಕೆಳಗೆ ನಡೆದು, ಔಷಧ ತೆಗೆದುಕೊಂಡವರ ಮನೆಗೆ ಹೋಗಿ, ಹೇಗಿದ್ದೀರಿ ಎಂದು ಕೇಳಿ ಬರೆಯುವವಳು. ಮೈ ಕಾವನ್ನು ಅಳೆಯಲು ಅವರ ಮಣಿಕಟ್ಟಿಗೆ ಪಟ್ಟಿಯಿದೆ. ನಾವು ಪಟ್ಟಿಯನ್ನು ನಂಬುತ್ತೇವೆ. ಮನುಷ್ಯರನ್ನು ಅಷ್ಟು ನಂಬುವುದಿಲ್ಲ.

ತಣಿಪು ಕೆಟ್ಟ ಔಷಧವಲ್ಲ. ಒಂಬತ್ತು ವರ್ಷ ಬೆರಳು ಮಡಿಸಲಾಗದಿದ್ದ ಓಬಕ್ಕ ಮೂರನೆಯ ವಾರ ತಾನೇ ಮುದ್ದೆ ಕಟ್ಟಿ ನನಗೆ ಬಡಿಸಿದಳು. ಐದನೆಯ ವಾರ, "ಜ್ವರಗಿರ ಏನಿಲ್ಲ ಕಣಮ್ಮ, ಬರೀ ಉಷ್ಣ. ಒಳಗೆ ಕೆಂಡ ಇಟ್ಟಂಗಾಗುತ್ತೆ" ಎಂದಳು. ಪಟ್ಟಿಯಲ್ಲಿ ಕಾವು ಸರಿಯಾಗಿಯೇ ಇತ್ತು. ಎಳನೀರು ಕುಡಿ ಎಂದೆ. "ಇಷ್ಟೆಲ್ಲಾ ಓದಿದ್ದು ಎಳನೀರಿಗೆ ಬಂತಾ?" ಎಂದು ಛೇಡಿಸಿದಳು. ನಾನೂ ನಕ್ಕು, "ಜ್ವರ ಇಲ್ಲ" ಎಂದು ಬರೆದೆ. ನಾಲ್ಕನೆಯ ದಿನ ಅವಳು ತೀರಿಕೊಂಡಳು. ಶ್ವಾಸಕೋಶದಲ್ಲಿ ಕೀವು ತುಂಬಿತ್ತು. ತಣಿಪು ಮನೆಮುರುಕದ ಜೊತೆಗೆ ಜ್ವರವನ್ನೂ ಸುಮ್ಮನಾಗಿಸಿತ್ತು. ಪಟ್ಟಿಗೆ ಕಾಣದ್ದು ಓಬಕ್ಕನಿಗೆ ಗೊತ್ತಿತ್ತು, ಅವಳು ಹೇಳಿಯೂ ಇದ್ದಳು.

ಆಮೇಲೆ ಪ್ರತಿ ಮನೆಯಲ್ಲೂ ಜ್ವರ ಇದೆಯೇ ಎಂದು ಕೇಳುವುದನ್ನು ಬಿಟ್ಟು, ಉಷ್ಣ ಆಗಿದೆಯೇ ಎಂದು ಕೇಳತೊಡಗಿದೆ. ಹನ್ನೊಂದು ಜನ ಹೌದೆಂದರು. ಏಳು ಜನರ ರಕ್ತದಲ್ಲಿ ಸೋಂಕು ಸಿಕ್ಕಿತು. ಬೇಗ ಸಿಕ್ಕಿದ್ದರಿಂದ ಏಳೂ ಜನ ಬದುಕಿದ್ದಾರೆ. ಆದರೆ ಮುಂದಿನ ತಿಂಗಳು ತಣಿಪನ್ನು ಊರೂರಿಗೆ ಕೊಡಲು ತೀರ್ಮಾನವಾಗಿದೆ. ನಮ್ಮ ಮುಖ್ಯಸ್ಥ ಸೋಮಶೇಖರಯ್ಯನವರು ನಾನು ಉಷ್ಣ ಎಂದು ಬರೆದ ಹನ್ನೊಂದು ಹಾಳೆಗಳನ್ನು ಹಿಂದಕ್ಕೆ ತಳ್ಳಿದರು: "ಸೋಂಕು ಯಾರಿಗೆ ಬರಲ್ಲ? ಉಷ್ಣ ಅನ್ನೋದು ಲಕ್ಷಣ ಅಲ್ಲಮ್ಮ ದಾಕ್ಷಾಯಣಿ, ಅಡುಗೆಮನೆ ಮಾತು." ನಾಳೆ ಮಧ್ಯಾಹ್ನದೊಳಗೆ ಹನ್ನೊಂದೂ ಹಾಳೆಗಳ ಮೇಲೆ "ಔಷಧಕ್ಕೆ ಸಂಬಂಧವಿಲ್ಲ" ಎಂದು ಬರೆದು ಸಹಿ ಮಾಡಬೇಕು, ಇಲ್ಲವಾದರೆ ಕೆಲಸ ಬಿಡಬೇಕು.

ಸಹಿ ಮಾಡುವುದಿಲ್ಲ. ತಪ್ಪು ಅವರೊಬ್ಬರದೇ ಅಲ್ಲ, ಮೊದಲು ನನ್ನದು. ಓಬಕ್ಕನ ಹಾಳೆಯ ಮೇಲೆ ಅವಳ ಮಾತಿಲ್ಲ, ನಾನು ತಿದ್ದಿದ ಮಾತಿದೆ. ಹಾಗೆ ತಿದ್ದುವ ಅಭ್ಯಾಸ ನಿಮ್ಮ ಕಾಲದ ವರದಿ ನಮೂನೆಗಳಿಂದಲೇ ಇಳಿದು ಬಂದಿದೆ, ಕೋಪಿಸಿಕೊಳ್ಳಬೇಡಿ. ಕೇಳಿಕೊಳ್ಳುವುದು ಇಷ್ಟೇ: ರೋಗಿ ಉಷ್ಣ ಎಂದರೆ ಉಷ್ಣ ಎಂದೇ ಬರೆಯಿರಿ. ಜೋಮು ಎಂದರೆ ಜೋಮು. ಅರ್ಥ ಹುಡುಕುವ ಕಷ್ಟ ನಿಮಗಿರಲಿ, ಸಾಯುವ ಕಷ್ಟ ಅವರಿಗೆ ಬೇಡ.

ಹಾಳೆಗಳ ಪ್ರತಿಗಳು ಈಗಾಗಲೇ ಆ ಹನ್ನೊಂದು ಮನೆಗಳಲ್ಲಿವೆ. ಎಷ್ಟೆಂದು ಕಸಿದುಕೊಳ್ಳುತ್ತಾರೆ? ಈಗಷ್ಟೇ ಹನ್ನೆರಡನೆಯವಳು ಹೇಳಿಕಳಿಸಿದ್ದಾಳೆ, ಅಂಗಾಲು ಸುಡುತ್ತಿದೆಯಂತೆ. ನಾಳೆ ಮಧ್ಯಾಹ್ನದವರೆಗೂ ಕೇಳುವ ಅಧಿಕಾರ ನನಗಿದೆ. ಆಮೇಲೆ ಅಧಿಕಾರವಿಲ್ಲದೆ ಕೇಳುತ್ತೇನೆ.

ಹೊರಟೆ.

ದಾಕ್ಷಾಯಣಿ